ಗೋಮಾಳದ ಕತ್ತೆ

ವಾಷಿಂಗ್ಟನ್ನಿನಲ್ಲಿ ಒಂದು ಕೋಣೆ, ತುಂಬ ಕಾರ್ಡುಗಳು.
ಇಪ್ಪತ್ತು ವರ್ಷದಿಂದ ಅಲ್ಲಿ ಡ್ರಾಯರು ಎಳೆಯುವುದು ನನ್ನ ಕಸುಬು,
ಗಂಟೆಗೆ ಇಷ್ಟು ಅಂತ.
ಯಾವ ಕತೆಗೆ ವಾರಸುದಾರರಿದ್ದಾರೆ,
ಯಾವುದಕ್ಕೆ ಹೇಳುವವರು ಕೇಳುವವರು ಇಲ್ಲ,
ಬೆರಳ ತುದಿಯ ಗೀರುಗಳನ್ನು ಕೇಳಿ.

ಈ ಸಲ ಹುಡುಕಬೇಕಾದದ್ದು ಒಂದು ಕತ್ತೆ.
ಹೆಸರು ಪೆಟ್ಟಿಬೋನ್. ಊರು ಟೊಲೀಡೊ, ಒಹಾಯೊ.
ಹುಟ್ಟಿದ್ದು ಐವತ್ತೊಂದರ ಜನವರಿ.
ಮೈಗೆ ಹಳೇ ಕೋಟಿನ ಉಣ್ಣೆ, ಕಣ್ಣಿಗೆ ಗಾಜಿನ ಗುಂಡಿ,
ಹೊಟ್ಟೆಯೊಳಗೆ ಲಿಯೊಕಾಡಿಯ ಗೊರಾಲ್ಸ್ಕಿಯ ಎಡಗೈ.
ಸಂಜೆ ಐದಕ್ಕೆ, ಹದಿನೈದು ನಿಮಿಷ,
ಹಾಲ್‌ವರ್ಸನ್ ಬ್ರೆಡ್ಡಿನ ಪರವಾಗಿ ಅರಚುತ್ತಿತ್ತು.

ಮಿಲ್ಫರ್ಡ್ ಸ್ಟೌಟ್, ಹಳೇ ಕಾರ್ಯಕ್ರಮಗಳ ಕ್ಯಾಸೆಟ್ ಮಾರುವಾತ,
ಪತ್ರ ಬರೆದಿದ್ದ: ಕತ್ತೆ ಯಾರದು?
ಯಾರದೂ ಅಲ್ಲದಿದ್ದರೆ ನನಗಾಗುತ್ತದೆ.

ಕಾನೂನಿಗೆ ಅದರದೇ ಒಂದು ತಮಾಷೆ.
ಮೂವತ್ತು ಸಾವಿರ ಮನೆಗಳು ನೋಡಿದ್ದು
ಪ್ರಕಟವಾದಂತೆ ಅಲ್ಲ.
ಗಾಳಿಯಲ್ಲಿ ಹೋದದ್ದು ಗಾಳಿಯ ಪಾಲು.
ಫಿಲ್ಮಿಗೆ ಇಳಿದು, ಡಬ್ಬಿಯಲ್ಲಿ ಕೂತು,
ಪರವೂರಿನ ಸ್ಟೇಷನ್ನುಗಳಿಗೆ ಬಾಡಿಗೆಗೆ ಹೋದರೆ ಪ್ರಕಟ.
ಹಾಗೆ ಹೋದವು ಮೂರೇ ರೀಲು.
ಉಳಿದವನ್ನು ಬೆಳ್ಳಿ ಹಿಂಡಲು ಕರಗಿಸಿದರಂತೆ.
ಅಷ್ಟೊಂದು ಸಂಜೆಗಳಿಂದ
ಎಷ್ಟು ಸಿಕ್ಕಿತೋ, ಒಂದು ಚಮಚ?

ಮೂರು ರೀಲಿಗೆ ಮೂರು ಕಾರ್ಡು, ಮಾಲೀಕರು ಬ್ರೆಡ್ ಕಂಪನಿ.
ಇಪ್ಪತ್ತೆಂಟು ವರ್ಷದ ವಾಯಿದೆ.
ಎಪ್ಪತ್ತೊಂಬತ್ತು ಮುಗಿಯುವುದರೊಳಗೆ
ಒಂದು ಅರ್ಜಿ, ಆರು ಡಾಲರು.
ಆ ಹೊತ್ತಿಗೆ ಹಾಲ್‌ವರ್ಸನ್ ಬಾಗಿಲು ಹಾಕಿ ಐದು ವರ್ಷ,
ಒಲೆಗಳನ್ನು ತೂಕಕ್ಕೆ ಮಾರಿಯಾಗಿತ್ತು.
ಡಿಸೆಂಬರ್ ಮೂವತ್ತೊಂದರ ರಾತ್ರಿ
ಎಲ್ಲರೂ ಪಟಾಕಿ ನೋಡುತ್ತಿದ್ದಾಗ
ಒಂದು ಕತ್ತೆ ಹಗ್ಗ ಕಳಚಿಕೊಂಡು
ಗೋಮಾಳಕ್ಕೆ ನಡೆದುಹೋಯಿತು.
ಯಾರಿಗೂ ಗೊತ್ತಾಗಲಿಲ್ಲ. ಕತ್ತೆಗೂ.

ನಾನು ಎರಡೆರಡು ಸಲ ಹುಡುಕಿದೆ,
ಪ ಅಲ್ಲಿ, ಹ ಅಲ್ಲಿ, ಕೊನೆಗೆ ಗೊರಾಲ್ಸ್ಕಿಯಲ್ಲೂ.
ನವೀಕರಣದ ಕಾರ್ಡು ಇಲ್ಲ.
ಇಲ್ಲ ಎನ್ನುವುದನ್ನು ಹುಡುಕುವುದು ಕಷ್ಟ,
ಇರುವುದು ಸಿಕ್ಕಿದ ಮೇಲೆ ನಿಲ್ಲಬಹುದು.

ವರದಿಯಲ್ಲಿ ಬರೆದೆ:
ಟೋಪಿ ಇಲ್ಲದ ಕತ್ತೆ ಸಾರ್ವಜನಿಕರದು.
ಟೋಪಿ ಬಂದದ್ದು ಮೂರನೇ ರೀಲಿನ ನಂತರ,
ಆದ್ದರಿಂದ ಟೋಪಿಯ ಬಗ್ಗೆ ಅನುಮಾನವಿದೆ.

ಹೋಗಬೇಕಾಗಿರಲಿಲ್ಲ, ಆದರೂ ಬಸ್ಸು ಹಿಡಿದು ಟೊಲೀಡೊಗೆ ಹೋದೆ.
ಲಾಗ್ರೇಂಜ್ ಬೀದಿಯ ಹತ್ತಿರ, ಮಹಡಿ ಮೇಲೆ, ಎಂಬತ್ತೊಂದರ ಮುದುಕಿ.
ಟೋಪಿ ವಿಷಯ ಕೇಳಿ ಕೆಮ್ಮು ಬರುವಷ್ಟು ನಕ್ಕಳು.
"ನುಸಿ ತಿಂದ ತೂತು ಮುಚ್ಚೋಕೆ ಹಾಕಿದ್ದು.
ವಕೀಲರು ತೂತನ್ನೂ ಲೆಕ್ಕ ಹಿಡೀತಾರಾ?"

ಆಮೇಲೆ ಸುಮ್ಮನಾದಳು.
"ಎಲ್ಲರದು ಅಂದರೆ," ಎಂದಳು, "ನನ್ನದೂನಾ?"

ಕರಾರಿನಲ್ಲಿತ್ತಂತೆ: ಕಂಪನಿಯ ಅಪ್ಪಣೆಯಿಲ್ಲದೆ
ಆ ದನಿ ಎಲ್ಲೂ ತೆಗೆಯುವಂತಿಲ್ಲ.
ಮೊಮ್ಮಗಳು ಜ್ವರದಲ್ಲಿ ಕೇಳಿದಾಗಲೂ ತೆಗೆಯಲಿಲ್ಲ.
ಹಾಲ್‌ವರ್ಸನ್ ಸತ್ತದ್ದು ಗೊತ್ತಿತ್ತು,
ಕರಾರು ಸಾಯುತ್ತದೆಂದು ಯಾರೂ ಹೇಳಿರಲಿಲ್ಲ.

ಹಿಟ್ಟಿನ ಡಬ್ಬಿಯಿಂದ ಪೆಟ್ಟಿಬೋನ್ ಹೊರಬಂದ,
ಒಂದು ಕಿವಿ, ಒಂದು ಗುಂಡಿ.
ಗಂಟುಕಟ್ಟಿದ ಬೆರಳು ಒಳಗೆ ಹೋಗಲು ಬಹಳ ಹೊತ್ತು ಹಿಡಿಯಿತು.
ಬಾಯಿ ತೆರೆಯಿತು. ಮುಚ್ಚಲು ಆಗಲಿಲ್ಲ.
ಹಾಗೇ ತೆರೆದಿಟ್ಟುಕೊಂಡು ನನ್ನನ್ನು ನೋಡಿತು,
ಹದಿನೇಳು ವರ್ಷ ಹುಲ್ಲುಗಾವಲಿನಲ್ಲಿ ನಿಂತಿದ್ದೂ
ಹುಲ್ಲು ಮುಟ್ಟದ ಪ್ರಾಣಿಯ ಹಾಗೆ.
ಮತ್ತೆ ಅರಚಿತು.
ಕೆಳಗಿನ ಮನೆಯವರು ಕೋಲಿನಿಂದ ಸೂರು ಕುಟ್ಟಿದರು.

ಸ್ಟೌಟ್‌ಗೆ ಬಿಲ್ಲು ಕಳಿಸಿದ್ದೇನೆ, ಎರಡು ದಿನದ ಕೆಲಸಕ್ಕೆ.
ಬಸ್ ಚಾರ್ಜು ಸೇರಿಸಿಲ್ಲ.