ಒಳಮಡಿಕೆ

ಪ್ರೆಸ್ಟನ್ನಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ
ಮೀನು ಕರಿಯುವವನಿಗೂ ಬೀಗ ರಿಪೇರಿಯವನಿಗೂ ನಡುವೆ
ನನ್ನದೊಂದು ಗಾಜಿನ ಬಾಗಿಲು.
ಉದ್ದ ಇದ್ದದ್ದು ಗಿಡ್ಡ, ಬಿಗಿ ಇದ್ದದ್ದು ಸಡಿಲ,
ಜಿಪ್ಪಿಗೆ ಆರು ಪೌಂಡು.

ಮಂಗಳವಾರ ಹಿಲರಿ ಎಂಟ್‌ವಿಸಲ್ ಬಂದಳು,
ಗುಡ್ಡದ ಮೇಲಿನ ಚರ್ಚಿಗೆ ಹೊಸದಾಗಿ ಬಂದ ಪಾದ್ರಿ.
(ಪಾದ್ರಿಯಮ್ಮ ಅಂದರೆ ನಮ್ಮಲ್ಲಿ
ಪಾದ್ರಿಯ ಹೆಂಡತಿಯಾಗಿಬಿಡುತ್ತಾಳೆ.)
ತೋಳ ಮೇಲೆ ಹಸಿರು ರೇಷ್ಮೆಯ ನಿಲುವಂಗಿ,
ಹಿಂದಿನವನದು, ಅವನಿಗೂ ಹಿಂದಿನವನದು,
ಅಗಸೆಬಾಗಿಲಿನಷ್ಟು ಅಗಲದ ಹೆಗಲು.
ತೊಟ್ಟು ಕನ್ನಡಿ ಮುಂದೆ ನಿಂತರೆ
ಅಪ್ಪನ ಅಂಗಿಯೊಳಗೆ ಸಿಕ್ಕ ಹುಡುಗಿ.
"ನನ್ನ ಕೈಯ ರೊಟ್ಟಿ ಬೇಡವೆಂದು
ಏಳು ಮನೆಯವರು ಬೇರೆ ಚರ್ಚು ಹಿಡಿದರು," ಅಂದಳು,
ಬಸ್ಸು ತಪ್ಪಿದ ಸುದ್ದಿ ಹೇಳುವ ಹಾಗೆ.
"ಐದು ಮನೆಯಲ್ಲಿ ತೀರ್ಮಾನ ಹೆಂಗಸರದೇ."

ಟೇಪು ಹಿಡಿದವಳು ನಾನು ತಡೆದೆ.
ದೇವರ ಬಟ್ಟೆ. ಮುಟ್ಟಲೋ, ಬೇಡವೋ.
"ಇವತ್ತು ನಾನು ಹೊರಗೆ," ಅಂದುಬಿಟ್ಟೆ,
ನಮ್ಮ ಮಾತನ್ನು ಹಾಗೇ ಇಂಗ್ಲಿಷಿಗೆ ಇಳಿಸಿ.
ಅವಳು ಗಾಜಿನಾಚೆ ಮಳೆ ನೋಡಿದಳು, ನನ್ನನ್ನು ನೋಡಿದಳು,
"ಇಲ್ಲವಲ್ಲ, ಒಳಗೇ ಇದ್ದೀಯಲ್ಲ?"
ಬಿಡಿಸಿ ಹೇಳಿದೆ.
"ಓ, ಅದಾ! ನಾನೂ," ಅಂದಳು,
ಅಳತೆಗೆಂದು ಎರಡೂ ಕೈ ಎತ್ತಿ.
ಬಾಯಲ್ಲಿದ್ದ ಗುಂಡುಸೂಜಿ ಉದುರುವಷ್ಟು ನಕ್ಕೆ.

ಬೆಟಗೇರಿಯಲ್ಲಿ ಅವ್ವ ಆ ಮೂರು ದಿನ
ಹಿತ್ತಲ ಗೋಡೆಗೆ ಆತು ಕೂತು
ಊರವರ ಕುಬಸಕ್ಕೆ ಗುಂಡಿ ಹಚ್ಚುತ್ತಿದ್ದಳು.
ಗುಂಡಿಗೆ ಹತ್ತದ ಮೈಲಿಗೆ ದೀಪಕ್ಕೆ ಹೆಂಗ ಹತ್ತತೈತಿ
ಅಂತ ಕೇಳಿದ್ದಕ್ಕೆ ತಲೆಗೆ ಮೊಟಕಿ
"ಮಡಿ ಅಂದ್ರ ಮಡಿ," ಎಂದಳು.
ಆಗಲಿ ಅವ್ವಾ.
ನನಗೆ ತಿಳಿದ ಮಡಿ ಒಂದೇ:
ಅಂಚು ಒಳಕ್ಕೆ ತಿರುವಿ, ಎಳೆ ಬಿಚ್ಚದ ಹಾಗೆ ಹೊಲಿಯುವುದು.

ಬುಧವಾರ ಸುಮಯ್ಯಾ, ಬಿಳಿ ಹತ್ತಿಯ ಥಾನು ಹೊತ್ತು.
ತೀರಿಕೊಂಡ ಹೆಂಗಸರ ಮೈ ತೊಳೆಯುವವಳು.
"ಹೊಲಿಗೆ ಬೇಡ, ಕತ್ತರಿಸಿ ಕೊಡು ಸಾಕು.
ಗಂಡಸಿಗೆ ಮೂರು ತುಂಡು, ಹೆಂಗಸಿಗೆ ಐದು."
"ಬದುಕಿರುವಾಗ ಕಮ್ಮಿ, ಸತ್ತ ಮೇಲೆ ಎರಡು ಹೆಚ್ಚು,"
ಅಂದು ನಾಲಗೆ ಕಚ್ಚಿಕೊಂಡೆ.
ಅವಳು ಸಿಟ್ಟಾಗಲಿಲ್ಲ. ಬಟ್ಟೆಯ ಸುಕ್ಕು ಸವರುತ್ತ,
"ಲೆಕ್ಕ ನಮಗೂ ಬರುತ್ತದೆ.
ಕೇಳಬೇಕಾದ್ದನ್ನು ನಾನು ನನ್ನ ಮನೆಯಲ್ಲಿ ಕೇಳುತ್ತೇನೆ.
ನಿನ್ನ ಮನೆಯಲ್ಲಿ ನೀನು ಕೇಳಿದ್ದೀಯಾ?"
ಕತ್ತರಿ ಬಟ್ಟೆಯ ನಡುವೆ ನಿಂತಿತು.

ಸಂಜೆ ದೇವಸ್ಥಾನದ ಕಾಂತಿಲಾಲರ ಫೋನು.
ನವರಾತ್ರಿಗೆ ಅಂಬಾಮಾತೆಗೆ ಹೊಸ ಕುಬಸ.
ಎದೆ ಇಷ್ಟು, ತೋಳು ಇಷ್ಟು, ಅಳತೆ ಪೂಜಾರಿಯದು.
ಪ್ರತಿ ವರ್ಷ ಬಿಗಿಯಾಗುತ್ತದೆ,
ಹಿಂದೆ ಪಿನ್ನು ಚುಚ್ಚಿ, ಮುಂದೆ ಹಾರ ಮುಚ್ಚುತ್ತಾರೆ.
ಎಂಟು ಕೈಯವಳಿಗೆ ಎರಡೇ ತೋಳು.
"ಬೆಹೆನ್, ಆ ದಿನಗಳಲ್ಲಿ..." ಎಂದು ಎಳೆದು, ಕೆಮ್ಮಿ,
"ಎಲ್ಲ ಸ್ವಚ್ಛ ತಾನೆ?" ಅಂದರು.
ಹೋದ ವರ್ಷ, ಹೂಂ, ಅಂಗಡಿ ಗುಡಿಸಿದ್ದೇನೆ ಅಂದಿದ್ದೆ.
ಈ ಸಲ, "ಕಾಂತಿಭಾಯಿ, ಅಳತೆ ನಾನೇ ತಗೋಬೇಕು.
ನಾಳೆ ಬರ್ತೀನಿ. ನಾಳೆ ನನಗೆ ಮೂರನೇ ದಿನ."
ಬಹಳ ಹೊತ್ತು ಆ ಕಡೆಯಿಂದ
ಅವರ ಟಿವಿಯ ಕ್ರಿಕೆಟ್ ಮಾತ್ರ ಕೇಳಿತು.
ಹೂಂ ಅನ್ನಲಿಲ್ಲ. ಊಹೂಂ ಕೂಡ ಅನ್ನಲಿಲ್ಲ.

ಟೇಪು ಸುತ್ತಿ ಚೀಲಕ್ಕಿಟ್ಟೆ.
ಬಾಗಿಲು ತೆರೆಯದೆಯೂ ಇದ್ದಾರು;
ಕೆಂಪು ರೇಷ್ಮೆಗೆ ಎಂದಿನ ಅರ್ಧ ಇಂಚಿನ ಬದಲು
ಎರಡು ಇಂಚು ಒಳಮಡಿಕೆ ಗುರುತು ಹಾಕಿದೆ.
ಬೇಕೆನಿಸಿದ ದಿನ ತಾನೇ ಬಿಚ್ಚಿಕೊಂಡಾಳು.

ಹಿಲರಿಯ ಹೆಗಲಿಂದ ತೆಗೆದ ಹಸಿರು ಚೂರುಗಳು,
ಇಬ್ಬರು ಗಂಡಸರು ಬಿಟ್ಟುಹೋದ ಅಗಲ,
ಇನ್ನೂ ಮೇಜಿನ ಮೇಲಿವೆ.
ಬುಟ್ಟಿಗೆ ಹಾಕಲು ಎತ್ತಿಕೊಂಡವಳು ಹಾಗೇ ಇಟ್ಟೆ.
ಆರು ತೋಳಿಗೆ ಬಟ್ಟೆ ಕಮ್ಮಿ ಬೀಳುತ್ತದೆ.