ಅಂತೆ

ತಲಾಸ್ ಕಣಿವೆಯ ಈ ಊಟೆಗೆ ದಾರಿ ಅಂತಿಲ್ಲ,
ಕುರಿ ನಡೆದದ್ದೇ ದಾರಿ.
ಎಸ್ತೋನಿಯಾದ ಪ್ರೊಫೆಸರ್ ಹೆಲ್ವೆ ಕಿವಿಸಿಲ್ಡ್
ಎಪ್ಪತ್ತರ ಮೊಣಕಾಲು ಹಿಡಿದುಕೊಂಡು ಇಳಿದರು.
ಕಂಕುಳಲ್ಲಿ ಬಿಸ್ಕತ್ತಿನ ತಗಡು ಡಬ್ಬಿ,
ಅದರ ತುಂಬ ಚೀಟಿ.
ನಾನು ಬುರುಲ್, ದುಭಾಷಿ.
ದಿನಗೂಲಿ, ಮಧ್ಯಾಹ್ನದ ಊಟ ಬೇರೆ.

ಕನಿಶಾಯ್ ಅಪಾ ಬಾಣಲೆ ಇಟ್ಟಿದ್ದಳು.
ಗುರುವಾರ. ಸತ್ತವರಿಗೆ ಕಾದೆಣ್ಣೆಯ ವಾಸನೆ ಮುಟ್ಟಬೇಕು.
ಅವರಿಗೆ ಹಸಿವಂತೆ, ಬಾಯಿಲ್ಲವಂತೆ,
ಮೂಗೊಂದು ಉಳಿದಿರುತ್ತದಂತೆ.
ರಷ್ಯನ್ನಿನಲ್ಲಿ ಹೇಳಿದೆ. ಹೆಲ್ವೆ ಬರೆದುಕೊಂಡರು.

ಏಳೇ ರೊಟ್ಟಿ ಏಕೆ?
ಏಳು ಗ್ರಹ, ಏಳು ಲೋಕ, ಏಳು ತಲೆಮಾರು,
ಡಬ್ಬಿಯಲ್ಲಿ ಉತ್ತರ ಆಗಲೇ ತಯಾರು.
"ಹಿಟ್ಟು ಅಷ್ಟೇ ಇತ್ತು," ಅಂದಳು ಅಪಾ.
ಅದನ್ನೂ ದಾಟಿಸಿದೆ: ಹಿಟ್ಟು ಅಷ್ಟೇ ಇತ್ತಂತೆ.

ಬರುವಾಗ ಜೀಪಿನಲ್ಲಿ ಹೆಲ್ವೆ ಹೇಳಿದ್ದರು:
ಐರ್ಲೆಂಡಿನ ಬಾವಿಯ ಮುಳ್ಳುಗಿಡಕ್ಕೆ ಕಟ್ಟಿದ ಚಿಂದಿ
ಇಲ್ಲಿಯ ಜುನಿಪರ್ ಮರದ ಚಿಂದಿಯನ್ನು ನೋಡಿಲ್ಲ.
ಎರಡನ್ನೂ ನೋಡಿದವಳು ನಾನು.
ಪಕ್ಕಪಕ್ಕ ಇಟ್ಟವಳೂ ನಾನೇ.
ಹಾಗಾಗಿ ಮೊದಲು ನನ್ನನ್ನು ಕೇಳಬೇಕು, ಚಿಂದಿಯನ್ನಲ್ಲ.
ಹೋಲುತ್ತದೆ ಅಂದರೆ ಒಂದೇ ಅಂತಲ್ಲ, ಬುರುಲ್,
ಎರಡಕ್ಕೂ ಮೂರನೆಯದೊಂದು ಬೇಕು, ಅಳೆಯಲು.
ಆಮೇಲೆ ನಿದ್ದೆ ಹೋದರು, ಬಾಯಿ ತೆರೆದು.

ಉಪಮೇಯ ಈ ದಡ, ಉಪಮಾನ ಆ ದಡ,
ನಡುವೆ ಸಮಾನಧರ್ಮ. ಎಂಥ ಹೆಸರಿಟ್ಟರು!
ಧರ್ಮ ಸಮಾನವೋ ಅಲ್ಲವೋ
ಅದೇ ತಾನೇ ಈ ಮುದುಕಿಯ ತಲೆಬಿಸಿ?
ನಾನು ಇದಾವುದೂ ಅಲ್ಲ.
ಬಾಲಕ್ಕೆ ಅಂಟಿಕೊಂಡ ಎರಡಕ್ಷರ ನಾನು.
ಹೂವಿನಂತೆ ಅನ್ನುವಾಗಿನ ಅಂತೆ,
ಬಂದಳಂತೆ ಅನ್ನುವಾಗಿನ ಅಂತೆ.
ಒಂದು ಹತ್ತಿರ ಕೂರಿಸುತ್ತದೆ,
ಇನ್ನೊಂದು ಕೈ ತೊಳೆದುಕೊಳ್ಳುತ್ತದೆ.

ಆರನೆಯ ರೊಟ್ಟಿ ಉಬ್ಬುವಾಗ ಅಪಾ ತಿರುಗಿದಳು:
"ಇವಳ ಊರಲ್ಲಿ ಸತ್ತವರಿಗೆ ಏನು ಮಾಡುತ್ತಾರೆ, ಕೇಳು."

ಹೆಲ್ವೆಯ ಬೆರಳು ಚೀಟಿಗಳ ಮೇಲೆ ನಡೆಯಿತು.
ಮೆಕ್ಸಿಕೊ, ಜಪಾನ್, ಐರ್ಲೆಂಡ್.
ಎಸ್ತೋನಿಯಾ ಇರಲಿಲ್ಲ.
ಪೆನ್ನಿನ ಮುಚ್ಚಳ ಹಾಕಿದರು.
ಮತ್ತೆ ಮಾತಾಡಿದ್ದು ರಷ್ಯನ್ ಅಲ್ಲ, ತಮ್ಮದೇ ನುಡಿ,
ನನಗೆ ಅದರ ಒಂದು ಪದವೂ ಬಾರದು.
ಅಲ್ಲೊಂದು ಮೇಜಿತ್ತು, ಅಂಗೈ ಗಾಳಿಯನ್ನು ಸವರಿತು.
ಬಟ್ಟಲೊಂದು. ರಾತ್ರಿಯೆಲ್ಲ ತೆರೆದಿಟ್ಟ ಬಾಗಿಲೋ,
ಕಿಟಕಿಯೋ, ಗೊತ್ತಾಗಲಿಲ್ಲ.
ಯಾರದೋ ಹೆಸರು, ಎರಡು ಸಲ.

ಅಪಾ ಹೂಂಗುಟ್ಟಿದಳು.
ಏಳನೆಯದನ್ನು ಎತ್ತಿ ಮುರಿದು
ದೊಡ್ಡ ತುಂಡು ಅವರ ಕೈಗಿಟ್ಟಳು.
ಮೊದಲ ಬಾರಿ ನನಗೆ ಕೆಲಸವಿರಲಿಲ್ಲ.
ಏನು ತಿಳಿಯಿತು ನಿನಗೆ, ಪಿಸುಗುಟ್ಟಿ ಕೇಳಿದೆ.
"ತಿಳಿಯುವುದೇನು? ಹಸಿದಿದ್ದಾಳೆ."

ಕತ್ತಲಾಗುವ ಹೊತ್ತಿಗೆ ಜೀಪು ಹತ್ತಿದೆವು.
ಹೊಸ ಚೀಟಿಯ ನೆತ್ತಿಗೆ ಬರೆದರು: ಎಸ್ತೋನಿಯಾ, ಅಜ್ಜಿ.
ಅದರ ಕೆಳಗೆ ಏನೂ ಬರೆಯಲಿಲ್ಲ.
ಬೆರಳ ಎಣ್ಣೆ ಮಾತ್ರ ಇಳಿಯುತ್ತ ಹೋಯಿತು,
ಆ ಚೀಟಿಯಿಂದ ತಲಾಸಿಗೆ, ತಲಾಸಿನಿಂದ ಐರ್ಲೆಂಡಿಗೆ.
ನಾಳೆ ಯಾವನೋ ವಿದ್ವಾಂಸ ಡಬ್ಬಿ ತೆರೆದು
ಬೆಳಕಿಗೆ ಹಿಡಿದು ಬರೆದಾನು:
ಮೂರೂ ಕಡೆ
ಎಣ್ಣೆಯ ಬಳಕೆ ಇತ್ತಂತೆ.