ನೋಟಿಸಿಗೆ ಉತ್ತರ

ಮಾನ್ಯರೇ,
ಹೋದ ವರ್ಷ ಎಂಬತ್ತೆಂಟು, ಈ ವರ್ಷ ಮೂವತ್ತಾರು.
ಕಾರಣ ಬರೆಯಲು ತಾವು ಕೊಟ್ಟ ಜಾಗ
ಎರಡು ಬೆರಳಿನಷ್ಟಿದೆ.
ಅದರಲ್ಲಿ ಹಿಡಿಸದ್ದಕ್ಕೆ ಈ ಹಾಳೆ ಲಗತ್ತಿಸಿದ್ದೇನೆ.

ಮಕ್ಕಳು ಬದಲಾಗಿಲ್ಲ. ಅದೇ ಫರಸಿ ನೆಲ,
ಅದೇ ಕಪ್ಪು ಹಲಗೆ, ನಡುವೆ ಬಿಳಿಚಿಕೊಂಡದ್ದು.
ಗುರುಮಠಕಲ್ ಕಡೆಯ ಬಸ್ಸು ಅದೇ ಹತ್ತೂವರೆಗೆ,
ಮೊದಲ ಪಿರಿಯಡ್ಡು ಮುಗಿದ ಮೇಲೆ.
ಹತ್ತಿ ಬಿಡಿಸುವ ತಿಂಗಳು ಹಾಜರಿಯಲ್ಲಿ ಎಲ್ಲರೂ,
ಬೆಂಚಿನ ಮೇಲೆ ಎಂಟು ಜನ.
ಗಣಿತದ ಹುದ್ದೆ ಖಾಲಿ ಬಿದ್ದು ನಾಲ್ಕು ವರ್ಷ.
ನಾನು ಹಿಂದಿ ಮಾಸ್ತರ.
ರಾತ್ರಿ ಕಲಿತು ಬೆಳಿಗ್ಗೆ ಕಲಿಸುತ್ತೇನೆ,
ಕರೆಂಟು ಹೋದ ರಾತ್ರಿಯ ಪಾಠ ಮರುದಿನ ಇರುವುದಿಲ್ಲ.

ಬದಲಾದದ್ದು ಗೋಡೆಯ ಮೂಲೆ.
ಅಲ್ಲಿ ಈಗ ಒಂದು ಕ್ಯಾಮೆರಾ ಕೂತಿದೆ,
ಹಲ್ಲಿ ಕೂರುವ ಜಾಗದಲ್ಲಿ, ಹಲ್ಲಿಗಿಂತ ಸುಮ್ಮನೆ.

ಅದಕ್ಕೂ ಮೊದಲು ಹೇಗಿತ್ತೆಂದು ತಮಗೆ ಗೊತ್ತು.
ಗೊತ್ತಿಲ್ಲವೆಂದರೂ ಬರೆಯುತ್ತೇನೆ:
ಅವರ ಮಕ್ಕಳ ಕೋಣೆಗೆ ನಾನು, ನನ್ನ ಮಕ್ಕಳ ಕೋಣೆಗೆ ಅವರು.
ಮೂಗು ಮುಟ್ಟಿದರೆ ಎ, ಕಿವಿ ಮುಟ್ಟಿದರೆ ಬಿ,
ಕೊರಳ ಗುಂಡಿ ಸಿ, ಕೈಗಡಿಯಾರ ಡಿ.
ಕೋಣೆಯ ಅಷ್ಟೂ ಕಣ್ಣು ನನ್ನ ಮೂಗನ್ನೇ ನೋಡುತ್ತಿದ್ದವು.
ವರ್ಷವಿಡೀ ಹಲಗೆಯನ್ನು
ಅಷ್ಟು ಗಮನವಿಟ್ಟು ಯಾರೂ ನೋಡಿರಲಿಲ್ಲ.
ಒಮ್ಮೆ ನೊಣ ಕೂತು ಮೂಗು ಒರೆಸಿಕೊಂಡೆ;
ಆ ಕೋಣೆಯಲ್ಲಿ ಎಲ್ಲರಿಗೂ ಏಳನೆಯದು ತಪ್ಪು.
ಆ ವರ್ಷ ನನಗೆ ಶಾಲು ಹೊದಿಸಿದವರು
ತಮ್ಮ ಕಚೇರಿಯವರೇ.

ಮೌನೇಶನಿಗೆ ಗಣಿತದಲ್ಲಿ ಎಂಬತ್ತೊಂದು ಬಂತು.
ಅವರಪ್ಪ ಪೇಢೆ ಹಂಚಿದ, ಸೈನ್ಸಿಗೆ ಹಚ್ಚಿದ.
ಯಾದಗಿರಿಯ ಕಾಲೇಜಿನಲ್ಲಿ ದೀಪಾವಳಿಯವರೆಗೆ ಹಿಂದಿನ ಬೆಂಚು,
ಆಮೇಲೆ ಅದೂ ಇಲ್ಲ.
ಸ್ಟೇಷನ್ನಿನ ಹತ್ತಿರ ನನ್ನನ್ನು ನೋಡಿ ದಾರಿ ಬದಲಿಸಿದ.
ನಾನೂ ಬದಲಿಸುತ್ತಿದ್ದೆ,
ಅವನೇ ಮೊದಲು ಬದಲಿಸಿದ.

ಈ ವರ್ಷ ಅವನ ತಂಗಿ, ಸಾಬಮ್ಮ.
ಫಲಿತಾಂಶದ ಮರುದಿನ, ನಲವತ್ಮೂರು ಡಿಗ್ರಿಯ ಮಧ್ಯಾಹ್ನ
ಬಾಗಿಲಲ್ಲಿ ನಿಂತಳು. ಅಳುತ್ತಾಳೆಂದು
ಗಡಿಗೆಯ ನೀರು ಮೊಗೆದಿಟ್ಟುಕೊಂಡೆ.
ಬರೆದ ಪರೀಕ್ಷೆಗೆ ಹನ್ನೊಂದು, ಒಳ ಅಂಕ ಇಪ್ಪತ್ತು,
ಒಟ್ಟು ಮೂವತ್ತೊಂದು. ನಪಾಸು.

"ಇಪ್ಪತ್ತು ನಿಮ್ಮವ್ರಿ ಸರ್," ಅಂದಳು.
"ಎಲ್ಲಾರಿಗೂ ಹಾಕೀರಿ. ಹನ್ನೊಂದು ನನ್ನವ.
ಅದ್ರಾಗೂ ಎರಡು ಅಂದಾಜಿಲೆ ಬಂದಾವ, ಸುಳ್ಳ್ಯಾಕ ಹೇಳ್ಲಿ."
ಉಳಿದ ಒಂಬತ್ತನ್ನು ಎಣಿಸಿ ತೋರಿಸಿದಳು,
ಸಂಜೆ ದೊಡ್ಡಿಗೆ ಬಂದ ಮೇಕೆಗಳ ಗುರುತು ಹಿಡಿದಂತೆ:
ಶ್ರೇಢಿಯ ಮೊತ್ತಕ್ಕೆ ಮೂರು,
ವೃತ್ತಕ್ಕೆ ಸ್ಪರ್ಶಕ ಎಳೆದದ್ದಕ್ಕೆ ಎರಡು,
ಗೊತ್ತಿದ್ದೇ ಆರಿಸಿದವು ಮೂರು,
ಪ್ರಮೇಯ ಅರ್ಧಕ್ಕೆ ಮರೆತಲ್ಲಿ ಒಂದು.

ಇಪ್ಪತ್ತೆರಡು ವರ್ಷ ಈ ಜಿಲ್ಲೆಯಲ್ಲಿ ಅಂಕ ಹಾಕಿದ್ದೇನೆ, ಮಾನ್ಯರೇ.
ಇದು ನನ್ನದು ಅಂತ
ಯಾರೂ ಒಂದು ಅಂಕವನ್ನೂ ತೋರಿಸಿದ್ದಿಲ್ಲ.

ಎರಡನೇ ಪರೀಕ್ಷೆಗೆ ಫೀಸು ಕಟ್ಟಿದ್ದಾಳೆ.
ಪ್ರಶ್ನೆಪತ್ರಿಕೆ ಮಡಚಿ ತಂದಿದ್ದಳು,
ಮೂವತ್ತಮೂರನೆಯದರ ಮೇಲೆ ಬೆರಳು.
"ಇದೊಂದು ಹೇಳಿಕೊಡ್ರಿ."
ನನ್ನ ಕೈ ಅಭ್ಯಾಸಬಲದಿಂದ ಮೂಗಿನ ತನಕ ಹೋಗಿತ್ತು.

ಮೂವತ್ತಮೂರನೆಯದು ನನಗೆ ಬರುವುದಿಲ್ಲ.
ಹಾಗಂತ ಅವಳಿಗೆ ಹೇಳಿದೆ.
"ಹಂಗಾದ್ರ ಇಬ್ರೂ ಕೂತು ನೋಡಮ್ರಿ," ಎಂದು
ಕಾದ ಫರಸಿಯ ಮೇಲೆ ಕೂತೇಬಿಟ್ಟಳು.

ಸಂಜೆಯಾಯಿತು. ಇನ್ನೂ ಬಂದಿಲ್ಲ.
ಕಾರಣದ ಕಾಲಮು ಖಾಲಿ ಬಿಟ್ಟು ಕಳಿಸುತ್ತಿದ್ದೇನೆ.

ತಮ್ಮ ವಿಧೇಯ,
ಹಿಂದಿ ಭಾಷಾ ಶಿಕ್ಷಕ,
ಗಣಿತ ಪ್ರಭಾರ.